ಸಂಜೆಯ ಹಾಲು

ಮಚಾಕೋಸಿನ ಗುಡ್ಡದ ಹಿಂಬದಿಗೆ, ಬೆಳಗಿನ ಐದೂವರೆಗೆ
ನನ್ನ ಮೋಟಾರ್ ಸೈಕಲ್ಲು ಕೆಮ್ಮುತ್ತ ಏರುತ್ತದೆ.
ಹಿಂದೆ ಎರಡು ಕ್ಯಾನು, ಜೇಬಿನಲ್ಲಿ ಲ್ಯಾಕ್ಟೋಮೀಟರು,
ಅಂಗಿಯೊಳಗೆ ಬೆವರು ಕುಡಿದ ಲೆಕ್ಕದ ಪುಸ್ತಕ.
ಇಪ್ಪತ್ಮೂರು ಮನೆ, ಇಪ್ಪತ್ಮೂರೂ ಗಂಡಸರ ಹೆಸರು.
ಹಾಲು ಹಿಡಿದು ಬೇಲಿಗೆ ಬರುವವರು ಮಾತ್ರ ಹೆಂಗಸರು.

ಹದಿನೇಳನೆಯದು ಮುಥಿಯಾನಿಯ ಮನೆ.
ಬರುವವಳು ಸ್ಯೊಂಬುವಾ.
ಮಳೆ ಸುರಿವಾಗ ಹುಟ್ಟಿದವಳು ಎಂದು ಆ ಹೆಸರಿನ ಅರ್ಥ;
ಆ ಒಂದು ಮಳೆ ಬಿಟ್ಟರೆ ಅವಳ ಪಾಲಿಗೆ ಸುರಿದದ್ದು
ನನಗೆ ತಿಳಿದಂತೆ, ಕಡಿಮೆ.

ಬುಧವಾರ ಹುಟ್ಟಿದ್ದಕ್ಕೆ ಹಸುವಿಗೆ ಬುಧವಾರದ್ದೇ ಹೆಸರು:
ಜುಮಾತಾನೊ. ಮೊದಲೆಲ್ಲ ಅದು
ಒಂದೂವರೆ ಲೀಟರಿಗೇ ಕಾಲು ಝಾಡಿಸುತ್ತಿತ್ತು.
ಮಗಳು ಕಲೆಕ್ಯೆ ಶಾಲೆಯ ಗಂಟೆ ಕೇಳುತ್ತ
ಬತ್ತಿದ ಹೊಳೆಯ ದಂಡೆಯಲ್ಲಿ, ರಸ್ತೆಯಂಚಿನಲ್ಲಿ
ಲಾರಿಯ ಧೂಳು ತಿಂದ ಹುಲ್ಲು ಕೊಯ್ಯುತ್ತಿದ್ದಳು.
ದೂರದಿಂದ ಕಂಡರೆ
ಎರಡು ಕಾಲು ಬಂದ ಪೊದೆ.

ಆಮೇಲೆ ಬಂತು ಪೊಟ್ಟಣ, ಅಂಗೈಯಗಲದ್ದು.
"ಹುಲ್ಲು ಬಿತ್ತುವುದೆ?" ಮುಥಿಯಾನಿ ಹೊಟ್ಟೆ ಹಿಡಿದು ನಕ್ಕ.
"ಜನ್ಮವೆಲ್ಲ ಕಿತ್ತೆಸೆದದ್ದನ್ನು
ಈಗ ದುಡ್ಡು ಕೊಟ್ಟು ತಂದೆಯಾ?"
ಬೀಜದಂಗಡಿಯವನು ಹೇಳಿದ ಕಥೆ ಬೇರೆ:
ಇದರ ಅಜ್ಜಿ ಈ ಮಣ್ಣಿನದೇ, ಯಾವ ಕಾಲಕ್ಕೋ
ಹಡಗು ಹತ್ತಿ ಕಡಲಾಚೆ ಹೋಯಿತಂತೆ,
ಅಲ್ಲಿ ತಳಿಗೆ ತಳಿ ಕೂಡಿಸಿದರಂತೆ,
ಈಗ ತವರಿಗೆ ಬಂದಿದೆ, ಹೊಸ ಹೆಸರಿಟ್ಟುಕೊಂಡು,
ಬೆನ್ನಿಗೆ ಬೆಲೆಯ ಚೀಟಿ ಅಂಟಿಸಿಕೊಂಡು.

ಸ್ಯೊಂಬುವಾ ವಾದಿಸಲಿಲ್ಲ.
ಮೆಕ್ಕೆಜೋಳವೂ ಮುನಿಸಿಕೊಂಡ ಬದುವಿನ ಅಂಚಿಗೆ
ಎಂಟು ಸಾಲು ಕೇಳಿದಳು, ಅಷ್ಟೆ.
ಹುಲ್ಲುಕಡ್ಡಿಗೆ ಸಮ ಎನ್ನುತ್ತೇವಲ್ಲ ಬೇಡವಾದವರನ್ನು,
ಆ ಕಡ್ಡಿ ಬಿಸಿಲಿಗೆ ಬಗ್ಗಲಿಲ್ಲ.
ಕೊಯ್ದಷ್ಟೂ ಮೊಳಕಾಲಿಗೆ, ಮೊಳಕಾಲಿಂದ ಸೊಂಟಕ್ಕೆ.
ಜಾರುವ ಮಣ್ಣನ್ನು ಬೇರಿನ ಮುಷ್ಟಿಯಲ್ಲಿ ಹಿಡಿದು ನಿಂತಿತು.

ಪುಸ್ತಕ ಹೇಳುತ್ತದೆ: ಮಾರ್ಚ್, ಎರಡು ಲೀಟರು.
ಜೂನ್, ಮೂರೂವರೆ. ಆಗಸ್ಟ್, ಐದು.
ಒಂದು ರಾತ್ರಿ ಯಾರೋ ಎರಡು ಸಾಲು ಕದ್ದು ಕೊಯ್ದರು.
ಮುಥಿಯಾನಿ ಕೂಗಾಡಿದ, ಅವಳು ನಕ್ಕಳು:
"ಕದಿಯುವಂಥದ್ದು ಈ ಮನೆಯಲ್ಲಿ
ಇದೇ ಮೊದಲು."

ನಮ್ಮಲ್ಲಿ ಬರೆಯದ ಕಾನೂನೊಂದಿದೆ.
ಬೆಳಗಿನ ಹಾಲು ಸಂಘಕ್ಕೆ, ದುಡ್ಡು ಗಂಡನ ಫೋನಿಗೆ.
ಸಂಜೆಯದು ಹೆಂಡತಿಗೆ:
ಮಕ್ಕಳ ಲೋಟಕ್ಕೆ, ಚಹಾಕ್ಕೆ, ನೆರೆಯ ಎನ್‌ಡುಂಗೆಗೊಂದು ಕುಡಿಕೆ,
ಉಳಿದದ್ದು ಮಾರಿ
ಹಿಟ್ಟಿನ ಡಬ್ಬಿಯ ತಳದಲ್ಲಿ ನಾಣ್ಯ.

ತಿಂಗಳ ಕೊನೆಗೆ ಫೋನು ಕಿಣಿಕಿಣಿ ಎಂದಾಗ
ಮುಥಿಯಾನಿ ಬದುವಿಗೆ ನಡೆದು ಗರಿ ಸವರಿದ.
"ನನ್ನ ಹುಲ್ಲು" ಎಂದ.
ನಾನಿದ್ದೆ. ಅವಳೂ ಇದ್ದಳು.

ಸೆಪ್ಟೆಂಬರ್, ನಾಲ್ಕು. ಅಕ್ಟೋಬರ್, ಮೂರೂವರೆ.
ಹುಲ್ಲು ಮಾತ್ರ ಭುಜದೆತ್ತರ.
"ಕಸುವು ಇಳಿಯಿತೇನೋ?" ಅವನು ಕೇಳಿದ.
ನಾನು ಕ್ಯಾನಿನ ಮುಚ್ಚಳ ಬೇಕಾದ್ದಕ್ಕಿಂತ ಹೆಚ್ಚು ತಿರುಗಿಸಿದೆ.
ಬೆರೆಸಿದ ನೀರನ್ನು ಈ ಗಾಜಿನ ಕಡ್ಡಿ ಹೇಳುತ್ತದೆ;
ಕೆಚ್ಚಲಿನಲ್ಲಿ ಉಳಿಸಿದ್ದನ್ನು ಹೇಳುವ ಕಡ್ಡಿ
ಇನ್ನೂ ಯಾರೂ ಮಾಡಿಲ್ಲ.
"ಬಿಸಿಲು ಜಾಸ್ತಿ" ಎಂದೆ.

ಇಳಿಜಾರಿನಲ್ಲಿ ಕಲೆಕ್ಯೆ ಸಿಕ್ಕಳು, ನೀಲಿ ಸಮವಸ್ತ್ರ,
ತಲೆಯ ಮೇಲೆ ಏನೂ ಇಲ್ಲ,
ಆದರೂ ಕತ್ತು ಅಲುಗಿಸದೆ ನಡೆಯುತ್ತಿದ್ದಳು.

ಮರುದಿನ ನನ್ನ ಸೀಟಿಗೆ ಒದ್ದೆ ಗೋಣಿಯ ಗಂಟು.
ಒಳಗೆ ಹತ್ತು ಬುಡ, ಬೇರು ಸಮೇತ.
ಊರಿಗೆಲ್ಲ ಬುಡಕ್ಕೆ ಐದು ಶಿಲ್ಲಿಂಗಿಗೆ ಮಾರುವವಳು
ನನ್ನ ಹತ್ತಿರ ಕೇಳಲಿಲ್ಲ. ಏಕೆಂದು ನಾನೂ ಕೇಳಲಿಲ್ಲ.

ನನ್ನ ಅವ್ವನಿಗೂ ಒಂದು ಹಸುವಿದೆ.
ಪುಸ್ತಕದ ಒಂಬತ್ತನೆಯ ಸಾಲು.
ಅಲ್ಲಿರುವುದು ಅಪ್ಪನ ಹೆಸರು,
ಬರೆದವನು ನಾನು.